ತಿದ್ದಿ ತೀರದ ಪುಟ

ಕನ್ನಡದಲ್ಲಿ 'ತಿದ್ದು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಕಲಿಯುವುದೂ ತಿದ್ದುವುದೇ. ಮೊದಲನೆಯದು ಗುರುವಿನ ಕೆಲಸ, ಎರಡನೆಯದು ಶಿಷ್ಯನ ಕೆಲಸ. ಎರಡಕ್ಕೂ ಒಂದು ಕೊನೆಯಿದೆ. ಅಕ್ಷರ ಬಂದ ಮೇಲೆ ಪಾಟಿಯನ್ನು ಒರೆಸಿ ಮುಂದಿನ ಅಕ್ಷರಕ್ಕೆ ಹೋಗುತ್ತೇವೆ; ಉತ್ತರಪತ್ರಿಕೆಯ ಕಟ್ಟು ಮುಗಿದ ಮೇಲೆ ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕುತ್ತೇವೆ. ಆದರೆ ಕೆಲವರ ಬಾಳಿನಲ್ಲಿ ಈ ತಿದ್ದುವಿಕೆಗೆ ಕೊನೆಯೆಂಬುದೇ ಇರುವುದಿಲ್ಲ. ತಿದ್ದಿದ್ದನ್ನೇ ತಿದ್ದುತ್ತಾ, ತೊಳೆದದ್ದನ್ನೇ ತೊಳೆಯುತ್ತಾ, ಹಾಕಿದ ಚಿಲಕವನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಾ ಅವರ ದಿನಗಳು ಸವೆಯುತ್ತವೆ. ಮನಶ್ಶಾಸ್ತ್ರಜ್ಞರು ಇದಕ್ಕೆ ಒ.ಸಿ.ಡಿ. ಎನ್ನುತ್ತಾರೆ, ಕನ್ನಡದ ವೈದ್ಯಸಾಹಿತ್ಯದಲ್ಲಿ 'ಗೀಳು ಮನೋರೋಗ' ಎಂಬ ಹೆಸರು ರೂಢಿಯಲ್ಲಿದೆ. ಇದಕ್ಕೆ ಹತ್ತಿರದ ನಂಟುಳ್ಳ ಇನ್ನೊಂದು ಸ್ವಭಾವ, ಎಲ್ಲವೂ ಲೋಪವಿಲ್ಲದಂತಿರಬೇಕೆಂಬ ಪರಿಪೂರ್ಣತೆಯ ಹಂಬಲ. ಇವೆರಡರ ಸಂಬಂಧವನ್ನು ಹುಡುಕುವುದರಲ್ಲಿಯೇ ವೃತ್ತಿಜೀವನವನ್ನು ಕಳೆದ ವಿದ್ವಾಂಸರಿದ್ದಾರೆ. ಅವರ ಬಗ್ಗೆ ಓದಿ ತಿಳಿದದ್ದನ್ನೂ, ನಮ್ಮ ಸೀಮೆಯಲ್ಲಿ ಕಣ್ಣಾರೆ ಕಂಡದ್ದನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ನಾನು ಕುಮಟಾದಲ್ಲಿ ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನ ನಮಗೊಂದು ಕಡ್ಡಾಯ ವಿಷಯವಾಗಿತ್ತು. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೊಹ್ಲರನ ಚಿಂಪಾಂಜಿ, ಇವುಗಳ ಮೂಲಕ ಕಲಿಕೆಯ ನಿಯಮಗಳನ್ನು ಬಾಯಿಪಾಠ ಮಾಡಿದ್ದೆವು. ಕಲಿಯದ ಮಗುವಿನ ಬಗ್ಗೆ ಆ ಪುಸ್ತಕಗಳಲ್ಲಿ ಬೇಕಾದಷ್ಟಿತ್ತು. ಅತಿ ಚೆನ್ನಾಗಿ ಕಲಿಯಬೇಕೆಂಬ ಹಂಬಲವೇ ಕಾಲಿಗೆ ತೊಡರಾದ ಮಗುವಿನ ಬಗ್ಗೆ ಒಂದು ಪುಟವೂ ಇರಲಿಲ್ಲ. ಅಂತಹ ಮಗುವೊಂದು ತೊಂಬತ್ತರ ದಶಕದಲ್ಲಿ ನನ್ನ ತರಗತಿಗೆ ಬಂದಿತು.

ಅಘನಾಶಿನಿಯ ಗಜನಿ ಬಯಲಿನ ಅಂಚಿನ ಮನೆಯ ಹುಡುಗಿ ಅವಳು. ಮುತ್ತು ಪೋಣಿಸಿದಂತಹ ಅಕ್ಷರ. ಇಂತಹ ಮಕ್ಕಳನ್ನು ಕಂಡರೆ ಕನ್ನಡ ಶಿಕ್ಷಕರಿಗೆ ವಿಶೇಷ ಮಮತೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅವಳ ಪಟ್ಟಿಗಳು ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿದ್ದವು. ಒಂದು ಕೊಂಬು ಸ್ವಲ್ಪ ವಾರೆಯಾದರೆ, ಒಂದು ಒತ್ತಕ್ಷರ ಗೆರೆಗೆ ತಾಗಿದರೆ, ಇಡೀ ಹಾಳೆಯನ್ನು ಹರಿದು ಮತ್ತೆ ಮೊದಲಿನಿಂದ ಬರೆಯುತ್ತಿದ್ದಳು. ಪರೀಕ್ಷೆಯಲ್ಲಿ ಹಾಳೆ ಹರಿಯುವಂತಿಲ್ಲವಲ್ಲ! ಅಲ್ಲಿ ಬರೆದ ವಾಕ್ಯವನ್ನೇ ಹತ್ತು ಸಲ ಓದುತ್ತಿದ್ದಳು. ಮೂರು ಗಂಟೆ ಮುಗಿದಾಗ ಪ್ರಶ್ನೆಪತ್ರಿಕೆಯ ಅರ್ಧದಷ್ಟಕ್ಕೆ ಮಾತ್ರ ಉತ್ತರವಿರುತ್ತಿತ್ತು. ಬರೆದ ಅರ್ಧದಲ್ಲಿ ಕಳೆಯಲು ಒಂದು ಅಂಕವೂ ಸಿಕ್ಕುತ್ತಿರಲಿಲ್ಲ, ಬರೆಯದ ಅರ್ಧಕ್ಕೆ ಕೊಡಲು ಒಂದು ಅಂಕವೂ ಇರುತ್ತಿರಲಿಲ್ಲ.

ಮನೆಯಲ್ಲಿ ವಿಚಾರಿಸಿದಾಗ ತೊಂದರೆ ಬರವಣಿಗೆಗಷ್ಟೇ ಸೀಮಿತವಾಗಿಲ್ಲ ಎಂದು ತಿಳಿಯಿತು. ಬಾವಿಯ ಕಟ್ಟೆಯಲ್ಲಿ ಕೈ ತೊಳೆಯಲು ನಿಂತರೆ ಗಂಟೆಗಟ್ಟಲೆ ಅಲ್ಲಿಯೇ. ಮಳೆಗಾಲದಲ್ಲಿ ಬೆರಳ ಸಂದುಗಳು ಹುಣ್ಣಾಗುತ್ತಿದ್ದವು. ಅವಳ ಅಜ್ಜಿಗೆ ಮೊಮ್ಮಗಳ ಮಡಿಯ ಬಗ್ಗೆ ಒಳಗೊಳಗೇ ಹೆಮ್ಮೆ. ತಂದೆಗೆ ಮಾತ್ರ ದಿಗಿಲು. "ಮಾಸ್ತರ್ರೇ, ನಮ್ಮ ಹುಡ್ಗಿಗೆ ಹುಚ್ಚಲ್ಲ. ಧಾರವಾಡಕ್ಕೆ ಕರ್ಕಂಡು ಹೋಗೂಕೆ ಅದಕ್ಕೇನೂ ಆಗ್ಲಿಲ್ಲ. ಮಡಿ ಸ್ವಲ್ಪ ಜಾಸ್ತಿ, ಅಷ್ಟೇ" ಎಂದರು.

'ಧಾರವಾಡಕ್ಕೆ' ಎಂಬ ಆ ಒಂದು ಮಾತಿನ ಭಾರ ಹೊರಗಿನವರಿಗೆ ತಿಳಿಯಲಾರದು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಬ್ರಿಟಿಷರ ಕಾಲದಿಂದ ಧಾರವಾಡದಲ್ಲಿದ್ದ ಮಾನಸಿಕ ಆಸ್ಪತ್ರೆಯೇ ಈ ಭಾಗದವರಿಗೆಲ್ಲ ಗೊತ್ತಿದ್ದ ಆಸ್ಪತ್ರೆ. ಹಾಗಾಗಿ ಆ ಊರಿನ ಹೆಸರೇ ಜಗಳದಲ್ಲಿ ಬಳಸುವ ಬೈಗುಳಾಯಿತು. ವಿದ್ಯೆಗೂ ಸಂಗೀತಕ್ಕೂ ಹೆಸರಾದ ಊರಿಗೆ ಇದೊಂದು ಅನ್ಯಾಯವೇ ಸರಿ. ಅದಕ್ಕಿಂತ ದೊಡ್ಡ ಅನ್ಯಾಯವಾದದ್ದು ರೋಗಿಗಳಿಗೆ. ಒಂದೋ ಪೂರ್ತಿ ಸರಿ, ಇಲ್ಲವೇ ಪೂರ್ತಿ ಹುಚ್ಚು. ನಡುವೆ ಬೇರೊಂದು ಸ್ಥಿತಿಯುಂಟೆಂಬ ಕಲ್ಪನೆಯೇ ಜನರಲ್ಲಿರಲಿಲ್ಲ. ಗೀಳು ರೋಗಿಗೆ ತಾನು ಮಾಡುತ್ತಿರುವುದು ಅರ್ಥಹೀನವೆಂದು ಸಾಮಾನ್ಯವಾಗಿ ತಿಳಿದೇ ಇರುತ್ತದೆ. ಕೈ ಶುದ್ಧವಾಗಿದೆಯೆಂದು ಬುದ್ಧಿ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ. ಬುದ್ಧಿ ನೆಟ್ಟಗಿರುವುದರಿಂದಲೇ ಅವನು ನಾಚುತ್ತಾನೆ, ನಾಚುವುದರಿಂದ ಮುಚ್ಚಿಡುತ್ತಾನೆ, ಮುಚ್ಚಿಟ್ಟು ವರ್ಷಗಳನ್ನು ಕಳೆಯುತ್ತಾನೆ.

ಈ ರೋಗವನ್ನು ವಿಜ್ಞಾನ ಅರಿತ ಬಗೆಯೂ ಕುತೂಹಲಕರವಾಗಿದೆ. ಕಳೆದ ಶತಮಾನದ ಮಧ್ಯದವರೆಗೆ ಇದು ಗುಣವಾಗದ ರೋಗವೆಂದೇ ಭಾವನೆಯಿತ್ತು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಕೇವಲ ಇಬ್ಬರು ರೋಗಿಗಳ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದ. ಭಯ ಹುಟ್ಟಿಸುವ ವಸ್ತುವಿನ ಹತ್ತಿರಕ್ಕೆ ರೋಗಿಯನ್ನು ಕರೆದೊಯ್ಯುವುದು, ಆಮೇಲೆ ತೊಳೆಯದಂತೆ, ಪರೀಕ್ಷಿಸದಂತೆ ದಾದಿಯರ ನಿಗಾದಲ್ಲಿ ತಡೆಯುವುದು, ಇಷ್ಟೇ ಅವನ ಉಪಾಯ. ತೊಳೆಯದಿದ್ದರೂ ಪ್ರಳಯವಾಗುವುದಿಲ್ಲ, ಏರಿದ ಕಳವಳ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ರೋಗಿ ಅನುಭವದಿಂದ ಕಲಿಯುತ್ತಾನೆ. ಭರತಕ್ಕೆ ಇಳಿತ ಇದ್ದೇ ಇದೆ ಎಂಬುದು ಹೊಳೆಯ ದಂಡೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ! ಆ ಉಪಾಯವೇ ಮುಂದೆ ಬೆಳೆದು ಇಂದಿಗೂ ಈ ರೋಗದ ಮುಖ್ಯ ಮನೋಚಿಕಿತ್ಸೆಯಾಗಿ ಉಳಿದಿದೆ.

1978ರಲ್ಲಿ ಇನ್ನೊಂದು ಮಹತ್ವದ ಲೇಖನ ಬಂದಿತು. ಬರೆದವರು ದಕ್ಷಿಣ ಆಫ್ರಿಕಾ ಮೂಲದ ಸ್ಟ್ಯಾನ್ಲಿ ರಾಕ್‌ಮನ್ ಹಾಗೂ ನಮ್ಮ ನೆರೆಯ ಸಿಂಹಳದಿಂದ ಲಂಡನ್ನಿಗೆ ಹೋಗಿ ನೆಲೆಸಿದ ಪದ್ಮಲ್ ಡಿಸಿಲ್ವಾ. ಯಾವ ರೋಗವೂ ಇಲ್ಲದ ಸಾಮಾನ್ಯ ಜನರನ್ನು ಅವರು ಕೇಳಿದರು: ಬೇಡದ, ಅಸಹ್ಯದ, ಭಯದ ಆಲೋಚನೆಗಳು ನಿಮ್ಮ ಮನಸ್ಸಿಗೂ ನುಗ್ಗುತ್ತವೆಯೇ? ನೂರಕ್ಕೆ ಸುಮಾರು 80 ಮಂದಿ ಹೌದೆಂದರು. ಆ ಆಲೋಚನೆಗಳ ವಸ್ತುವಿನಲ್ಲಿ ರೋಗಿಗಳಿಗೂ ಇವರಿಗೂ ಹೆಚ್ಚಿನ ಭೇದ ಕಾಣಲಿಲ್ಲ. ಬಂದ ಆಲೋಚನೆಯನ್ನು ಸಾಮಾನ್ಯನು ಬಂದ ಹಾಗೆ ಹೋಗಲು ಬಿಡುತ್ತಾನೆ. ಗೀಳಿನವನು ಅದಕ್ಕೆ ಮಣೆ ಹಾಕಿ ಕೂರಿಸಿ ವಿಚಾರಣೆ ನಡೆಸುತ್ತಾನೆ. 'ಇಂತಹ ಯೋಚನೆ ನನಗೇಕೆ ಬಂತು? ನಾನು ಪಾಪಿಯೇ?' ಎಂದು ಕೊರಗುತ್ತಾನೆ. ಈ ಒಂದು ಸಂಗತಿಯನ್ನು ತಿಳಿಸಿದರೆ ಸಾಕು, ಎಷ್ಟೋ ಜನರ ಎದೆಯ ಮೇಲಿನ ಕಲ್ಲು ಸ್ವಲ್ಪವಾದರೂ ಸರಿಯುತ್ತದೆ.

ಪರಿಪೂರ್ಣತೆಯ ಹಂಬಲಕ್ಕೂ ಗೀಳಿಗೂ ಇರುವ ನಂಟನ್ನು ಬಹುಕಾಲ ಹಿಂಬಾಲಿಸಿದವರು ಅಮೆರಿಕೆಯ ಸ್ಮಿತ್ ಕಾಲೇಜಿನ ಪ್ರಾಧ್ಯಾಪಕ ರ್‍ಯಾಂಡಿ ಫ್ರಾಸ್ಟ್. 1990ರಲ್ಲಿ ಅವರು ಸಂಗಡಿಗರೊಡನೆ 35 ಹೇಳಿಕೆಗಳ ಒಂದು ಮಾಪನವನ್ನು ಪ್ರಕಟಿಸಿದರು. ಆರು ಮುಖಗಳಲ್ಲಿ ಅವರು ಈ ಸ್ವಭಾವವನ್ನು ಅಳೆದರು: ತಪ್ಪಾದೀತೆಂಬ ಕಳವಳ, ತನಗೆ ತಾನೇ ಇಟ್ಟುಕೊಂಡ ಮಟ್ಟ, ತಂದೆತಾಯಿಗಳ ನಿರೀಕ್ಷೆ, ತಂದೆತಾಯಿಗಳ ಟೀಕೆ, ಮಾಡಿದ ಕೆಲಸದ ಬಗ್ಗೆ ಸಂಶಯ, ಅಚ್ಚುಕಟ್ಟುತನ. ಮನಸ್ಸನ್ನು ಹಣ್ಣುಮಾಡುವುದು ಮುಖ್ಯವಾಗಿ ತಪ್ಪಿನ ಕಳವಳ ಮತ್ತು ಸಂಶಯ. ಉನ್ನತ ಮಟ್ಟವನ್ನಿಟ್ಟುಕೊಳ್ಳುವುದಾಗಲಿ, ಅಚ್ಚುಕಟ್ಟಾಗಿರುವುದಾಗಲಿ ತಮ್ಮಷ್ಟಕ್ಕೇ ಅಷ್ಟಾಗಿ ಕೇಡಿನವಲ್ಲ. ಆರರಲ್ಲಿ ಎರಡು ಮುಖಗಳು ತಂದೆತಾಯಿಗಳಿಗೆ ಸಂಬಂಧಿಸಿದವು ಎಂಬುದನ್ನು ಓದುಗರು ಗಮನಿಸಬೇಕು. ಮರುವರ್ಷ ಕೆನಡಾದ ಹೆವಿಟ್ ಮತ್ತು ಫ್ಲೆಟ್ ಎಂಬ ವಿದ್ವಾಂಸರು ಇದನ್ನೇ ಬೇರೊಂದು ರೀತಿಯಲ್ಲಿ ವಿಂಗಡಿಸಿದರು: ತನ್ನಿಂದ ತಾನು ಬಯಸುವ ಪರಿಪೂರ್ಣತೆ, ಇತರರಿಂದ ಬಯಸುವ ಪರಿಪೂರ್ಣತೆ, ಲೋಕ ತನ್ನಿಂದ ಬಯಸುತ್ತಿದೆ ಎಂದು ಭಾವಿಸಿದ ಪರಿಪೂರ್ಣತೆ. ನಲವತ್ತು ಮಕ್ಕಳ ಯಾವ ತರಗತಿಯಲ್ಲಿಯೂ ಈ ಮೂರು ಬಗೆಯವರೂ ಸಿಗುತ್ತಾರೆ. ಎರಡನೆಯ ಬಗೆಯವರು ಕೆಲವೊಮ್ಮೆ ಮೇಜಿನ ಈಚೆಯೂ ಕುಳಿತಿರುತ್ತಾರೆ.

ಫ್ರಾಸ್ಟ್ ಅವರ ಜೀವನದ ಒಂದು ಪ್ರಸಂಗ ಶಿಕ್ಷಕನಾದ ನನಗೆ ಬಹಳ ಹಿಡಿಸಿತು. ಅವರ ಗೀಳು ರೋಗದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ವಸ್ತುಗಳನ್ನು ಎಸೆಯಲಾರದೆ ಮನೆ ತುಂಬ ಪೇರಿಸಿಡುವವರ ಬಗ್ಗೆ ಯಾರೂ ಏಕೆ ಅಧ್ಯಯನ ಮಾಡಿಲ್ಲ ಎಂದು ಕೇಳಿದಳು. ಅಂಥವರು ಹೆಚ್ಚಿಲ್ಲವೇನೋ ಎಂದುಕೊಂಡೇ ಗುರುಶಿಷ್ಯೆಯರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ನೂರಕ್ಕೂ ಹೆಚ್ಚು ಕರೆಗಳು ಬಂದವು! 1993ರಲ್ಲಿ ಇಬ್ಬರ ಹೆಸರಿನಲ್ಲಿಯೂ ಲೇಖನ ಪ್ರಕಟವಾಯಿತು. ಎರಡು ದಶಕಗಳ ಬಳಿಕ, 2013ರಲ್ಲಿ, ಅಮೆರಿಕದ ಮನೋವೈದ್ಯರ ರೋಗಸೂಚಿಯಲ್ಲಿ ಈ ಪೇರಿಸಿಡುವ ತೊಂದರೆ ಪ್ರತ್ಯೇಕ ರೋಗವಾಗಿ ಸೇರಿತು. ಇಂತಹ ಪೇರಿಸಿಡುವವರಲ್ಲಿಯೂ ತಪ್ಪಾಗಿ ಒಂದನ್ನು ಎಸೆದುಬಿಟ್ಟರೆ ಎಂಬ ಭಯ ಬಲವಾಗಿರುತ್ತದೆಯಂತೆ. ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ ಎಲ್ಲಿಂದ ಎಲ್ಲಿಗೆ ಕರೆದೊಯ್ದಿತು ನೋಡಿ! ಮುಂದೆ 2003ರಲ್ಲಿ ಫ್ರಾಸ್ಟ್ ಮತ್ತು ಸಂಗಡಿಗರು, ಕಾರಣ ಹೇಳಲಾಗದಿದ್ದರೂ 'ಏಕೋ ಇದು ಸರಿಯಾಗಲಿಲ್ಲ' ಎಂದು ಕಾಡುವ ಅನುಭವವನ್ನೂ ಅಧ್ಯಯನ ಮಾಡಿ, ಅದಕ್ಕೂ ಪರಿಪೂರ್ಣತೆಯ ಹಂಬಲಕ್ಕೂ ಸಂಬಂಧವಿರುವುದನ್ನು ತೋರಿಸಿದರು. ಕೊಂಬು ವಾರೆಯಾಯಿತೆಂದು ಹಾಳೆ ಹರಿಯುತ್ತಿದ್ದ ಕೈ ನನಗೆ ಆ ಸಾಲುಗಳಲ್ಲಿ ಕಂಡಿತು.

ಇದೆಲ್ಲ ದೂರದೇಶದ ಮಾತಾಯಿತು ಎನ್ನಬೇಡಿ. ಕನ್ನಡ ನಾಡಿಗೂ ಮನಶ್ಶಾಸ್ತ್ರದಲ್ಲಿ ದೊಡ್ಡ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಬಿತ್ತರಿಸಿದವರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಅದರೊಂದಿಗೆ ದೀರ್ಘಕಾಲದ ಸಂಬಂಧವುಳ್ಳ ಡಾ. ವೈ. ಸಿ. ಜನಾರ್ದನ ರೆಡ್ಡಿ ಮತ್ತು ಸಂಗಡಿಗರು 2017ರಲ್ಲಿ ಭಾರತೀಯ ಮನೋವೈದ್ಯರ ಸಂಘದ ಪರವಾಗಿ ಈ ರೋಗದ ಚಿಕಿತ್ಸೆಗೆ ಮಾರ್ಗಸೂಚಿಯನ್ನು ಸಿದ್ಧಪಡಿಸಿದರು. ಅದೇ ಸಂಸ್ಥೆಯ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದ ಪ್ರಾಧ್ಯಾಪಕಿ ಡಾ. ಪೌಲೋಮಿ ಸುಧೀರ್ ಸಹಲೇಖಕಿಯೊಬ್ಬರೊಡನೆ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜನರ ನಡುವೆ ನಿಲ್ಲಲು ಅತಿಯಾಗಿ ಅಂಜುವವರಲ್ಲಿ ಪರಿಪೂರ್ಣತೆಯ ಹಂಬಲ ಹೇಗಿರುತ್ತದೆ ಎಂಬುದನ್ನೂ, ಲೋಕದ ಮುಂದೆ ಲೋಪವಿಲ್ಲದವರಂತೆ ಕಾಣಿಸಿಕೊಳ್ಳಬೇಕೆಂಬ ಹಟವನ್ನೂ ಪರಿಶೀಲಿಸಿತು. ಈ ಹಂಬಲದ ನೆರಳು ಗೀಳಿನ ಮೇಲಷ್ಟೇ ಬೀಳುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇಕಡಾ 0.8ರಷ್ಟು ಜನರಿಗೆ ಗೀಳು ರೋಗವಿದೆಯೆಂದು ಅಂದಾಜು ಮಾಡಿತು. ಸಂಖ್ಯೆ ಚಿಕ್ಕದೆನಿಸೀತು. ಸಾವಿರ ವಯಸ್ಕರಿರುವ ಊರಿನಲ್ಲಿ ಎಂಟು ಜನ ಎಂದು ಲೆಕ್ಕ ಹಾಕಿ ನೋಡಿ. ಆ ಎಂಟು ಜನ ಯಾರು ಎಂದು ನಮ್ಮ ಊರುಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಗೊತ್ತಾಗದಿರುವುದಕ್ಕೆ ನಮ್ಮ ಸಂಸ್ಕೃತಿಯಲ್ಲಿಯೂ ಒಂದು ಕಾರಣವಿದೆ. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಕಟ್ಟುಪಾಡುಗಳ ನಡುವೆ ಬೆಳೆದ ನಮಗೆ ರೋಗ ಎಲ್ಲಿ ಆರಂಭವಾಯಿತೆಂದು ಗುರುತಿಸುವುದು ಕಷ್ಟ. ಬಂಗಾಳದಲ್ಲಿ ಶುದ್ಧಿಯ ಅತಿರೇಕಕ್ಕೆ 'ಶುಚಿಬಾಯಿ' ಎಂಬ ಹೆಸರೇ ಇದೆ. ಕೊಲ್ಕತ್ತದ ಮನೋವೈದ್ಯೆ ಅಜಿತಾ ಚಕ್ರವರ್ತಿಯವರು ಎಪ್ಪತ್ತರ ದಶಕದಲ್ಲಿಯೇ ಅದರ ಬಗ್ಗೆ ಬರೆದಿದ್ದಾರೆ. ಆಚಾರವನ್ನೂ ಗೀಳನ್ನೂ ಬೇರ್ಪಡಿಸಲು ನನಗೆ ತೋಚುವ ಒಂದು ಸರಳ ಒರೆಗಲ್ಲು ಇದು: ಮಡಿ ಮಾಡುವ ಹೆಂಗಸು ಮಡಿಯುಟ್ಟ ಮೇಲೆ ನೆಮ್ಮದಿಯಿಂದ ಒಲೆ ಹಚ್ಚುತ್ತಾಳೆ. ಗೀಳಿನವಳಿಗೆ ಆ ನೆಮ್ಮದಿ ಬರುವುದೇ ಇಲ್ಲ. ಒಲೆ ಹಚ್ಚುವ ಹೊತ್ತು ಮೀರಿ, ಮಕ್ಕಳು ಹಸಿದು ಮಲಗಿದರೂ ಅವಳು ಬಾವಿಕಟ್ಟೆಯಲ್ಲಿಯೇ ಇರುತ್ತಾಳೆ. ಆಚಾರ ಮುಗಿಯುತ್ತದೆ, ಗೀಳು ಮುಗಿಯುವುದಿಲ್ಲ.

ಮಡಿಯ ಕಾಲ ಸಡಿಲವಾಯಿತು, ಅಂಕಗಳ ಕಾಲ ಬಂದಿತು. ನಾವು ಓದುವಾಗ ಪ್ರಥಮ ದರ್ಜೆ ಬಂದರೆ ಊರಿಗೆಲ್ಲ ಪೇಡೆ ಹಂಚುತ್ತಿದ್ದರು. 2022ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ರಾಜ್ಯದ 145 ಮಕ್ಕಳು 625ಕ್ಕೆ 625 ಅಂಕ ಪಡೆದರು. ಆ ಮಕ್ಕಳ ಸಾಧನೆಗೆ ನನ್ನ ನಮಸ್ಕಾರ. ನನ್ನ ಚಿಂತೆ 624 ಬಂದ ಮಗುವಿನದು. ಆ ಮನೆಗೆ ಹೋದವರು ಮೊದಲು ಕೇಳುವ ಪ್ರಶ್ನೆ, "ಆ ಒಂದು ಅಂಕ ಎಲ್ಲಿ ಹೋಯಿತು?" ಎಂಬುದು. ಥಾಮಸ್ ಕರ‍್ರನ್ ಮತ್ತು ಆಂಡ್ರ್ಯೂ ಹಿಲ್ ಎಂಬವರು ಅಮೆರಿಕ, ಕೆನಡಾ, ಬ್ರಿಟನ್‌ಗಳ ನಲವತ್ತು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ, 1989ರಿಂದ 2016ರವರೆಗಿನ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಹೆವಿಟ್ ಮತ್ತು ಫ್ಲೆಟ್ ಹೇಳಿದ ಮೂರೂ ಬಗೆಗಳು ಏರಿದ್ದವು. ಅತಿ ಹೆಚ್ಚು ಏರಿದ್ದು ಮೂರನೆಯದು, ಅಂದರೆ 'ಲೋಕ ನನ್ನಿಂದ ಪರಿಪೂರ್ಣತೆಯನ್ನೇ ಬಯಸುತ್ತಿದೆ' ಎಂಬ ಭಾವನೆ. ನಮ್ಮಲ್ಲಿ ಆ ಲೋಕ ಎಂದರೆ ಯಾರು? ಅಪ್ಪ, ಅಮ್ಮ, ಅತ್ತೆ, ಮಾವ, ನೆರೆಮನೆಯವರು, ಕೊನೆಗೆ ನಾವು ಮಾಸ್ತರರು.

ಹಾಗಾದರೆ ಶ್ರದ್ಧೆ ಬೇಡವೇ, ಒಪ್ಪ ಓರಣ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತವಾಗಿ ಬೇಕು. ವ್ಯತ್ಯಾಸವನ್ನು ನಮ್ಮ ಯಕ್ಷಗಾನದ ತಾಳಮದ್ದಲೆಯಲ್ಲಿಯೇ ನೋಡಬಹುದು. ಅರ್ಥಧಾರಿಯ ಮಾತಿಗೆ ಬರೆದಿಟ್ಟ ಪಠ್ಯವಿಲ್ಲ. ಪದ್ಯದ ಹಿಂದೆ ಅಲ್ಲಿಯೇ ಹುಟ್ಟುವ ಮಾತು ಅದು. ಒಂದು ಮಾತು ತಪ್ಪಿದರೆ ಮುಂದಿನ ಮಾತಿನಿಂದ ಅದನ್ನು ಎತ್ತಿಕೊಂಡು ಹೋಗುತ್ತಾನೆ. ಅವನ ಅಧ್ಯಯನ, ಶ್ರದ್ಧೆ ಯಾವ ಪಂಡಿತನಿಗೂ ಕಡಿಮೆಯಲ್ಲ. ಆದರೆ ಆಡಿದ ಮಾತನ್ನು ಅಳಿಸಿ ಮತ್ತೆ ಮೊದಲಿನಿಂದ ಆಡುತ್ತೇನೆಂದು ಕುಳಿತರೆ ಬೆಳಗಾದರೂ ಪ್ರಸಂಗ ಮುಗಿಯಲಾರದು. ಶ್ರದ್ಧೆಯುಳ್ಳವನು ಕೆಲಸವನ್ನು ನೋಡುತ್ತಾನೆ. ತಪ್ಪಿನ ಭಯವುಳ್ಳವನು ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ. ಆಕ್ಸ್‌ಫರ್ಡಿನ ರೋಜ್ ಶಾಫ್ರನ್ ಮತ್ತು ಸಂಗಡಿಗರು 2002ರಲ್ಲಿ ಹೇಳಿದ್ದೂ ಇಂಥದ್ದೇ: ತನ್ನ ಯೋಗ್ಯತೆಯೆಲ್ಲವೂ ತಾನಿಟ್ಟುಕೊಂಡ ಮಟ್ಟವನ್ನು ಮುಟ್ಟುವುದೊಂದನ್ನೇ ಅವಲಂಬಿಸಿದಾಗ ಈ ಹಂಬಲ ಕಾಯಿಲೆಯಾಗುತ್ತದೆ.

ಇನ್ನು ಆ ಹುಡುಗಿಯ ವಿಚಾರ. ಎಸ್.ಎಸ್.ಎಲ್.ಸಿ.ಯಲ್ಲಿ ಅವಳು ಹೇಗೋ ತೇರ್ಗಡೆಯಾದಳು. ಕೆಲವು ವರ್ಷಗಳ ಮೇಲೆ ಬೆಂಗಳೂರಿನಲ್ಲಿದ್ದ ಸೋದರಮಾವ ಅವಳನ್ನು ಅಲ್ಲಿಗೆ ಕರೆದೊಯ್ದು ತಜ್ಞರಲ್ಲಿ ತೋರಿಸಿದರು. ಔಷಧವನ್ನೂ ಕೊಟ್ಟರು, ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಅಭ್ಯಾಸವನ್ನೂ ಮಾಡಿಸಿದರು. ಮೊದಲು ಕೈ ತೊಳೆಯುವ ಹೊತ್ತನ್ನು ಕಡಿಮೆ ಮಾಡಿಸಿದರಂತೆ, ಆಮೇಲೆ ಬರವಣಿಗೆಯ ಸರದಿ ಬಂದಿತಂತೆ. ಇದೆಲ್ಲ ನನಗೆ ತಿಳಿದದ್ದು ಒಂದು ಇನ್‌ಲ್ಯಾಂಡ್ ಪತ್ರದಿಂದ. ಮುತ್ತಿನಂತಹ ಅದೇ ಅಕ್ಷರ. ಒಂದು ಕಡೆ 'ವಿಧ್ಯಾರ್ಥಿ' ಎಂದಿತ್ತು, ಒಂದು ಕಡೆ ವಾಕ್ಯದ ಕೊನೆಗೆ ಚುಕ್ಕೆಯಿರಲಿಲ್ಲ, ಒಂದು ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿಯೇ ಬರೆಯಲಾಗಿತ್ತು. ಕೊನೆಯಲ್ಲಿ ಹೀಗಿತ್ತು: "ಸರ್, ಇದರಲ್ಲಿ ಮೂರು ತಪ್ಪುಗಳನ್ನು ಬೇಕೆಂದೇ ಉಳಿಸಿದ್ದೇನೆ. ನನಗೆ ಗೌರವವಿರುವ ಒಬ್ಬರಿಗೆ ತಪ್ಪಿರುವ ಪತ್ರವನ್ನು ಕಳಿಸಬೇಕು, ಮತ್ತೆ ಓದಿ ನೋಡದೆ ಅಂಟಿಸಬೇಕು ಎಂದು ಮೇಡಂ ಹೇಳಿದ್ದಾರೆ. ಅಂಚೆಪೆಟ್ಟಿಗೆಯ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ದಯವಿಟ್ಟು ತಿದ್ದಬೇಡಿ."

ನಾನು ತಿದ್ದಲಿಲ್ಲ. ಮರುಟಪಾಲಿನಲ್ಲಿ, ಪತ್ರ ತಲುಪಿತು, ಓದಿ ಸಂತೋಷವಾಯಿತು ಎಂದಷ್ಟೇ ಬರೆದೆ. ಸಾವಿರಾರು ಉತ್ತರಪತ್ರಿಕೆಗಳನ್ನು ನೋಡಿದ್ದೇನೆ. ಅಷ್ಟು ಕಷ್ಟಪಟ್ಟು ಮಾಡಿದ ತಪ್ಪುಗಳನ್ನು ಬೇರೆಲ್ಲಿಯೂ ಕಂಡಿಲ್ಲ. ಈಗ ಅವಳು ಇಬ್ಬರು ಮಕ್ಕಳ ತಾಯಿ. ಒಮ್ಮೊಮ್ಮೆ ಹಳೆಯ ಸಂಶಯ ತಲೆಯೆತ್ತುತ್ತದೆಯಂತೆ. ಎತ್ತಿದಾಗ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿದೆ.

ಓದುಗರಲ್ಲಿ, ಅದರಲ್ಲಿಯೂ ತಂದೆತಾಯಿಗಳಲ್ಲಿ ಮತ್ತು ಕೆಲಸದಲ್ಲಿರುವ ಶಿಕ್ಷಕ ಬಂಧುಗಳಲ್ಲಿ, ಒಂದೆರಡು ಬಿನ್ನಹಗಳು. ಮಗು ಬರೆದದ್ದನ್ನು ಪದೇಪದೇ ಹರಿಯುತ್ತಿದ್ದರೆ, ತೊಳೆಯುವುದರಲ್ಲಿ, ಎಣಿಸುವುದರಲ್ಲಿ, ಪರೀಕ್ಷಿಸುವುದರಲ್ಲಿ ದಿನಕ್ಕೆ ಗಂಟೆಗಟ್ಟಲೆ ಕಳೆಯುತ್ತಿದ್ದರೆ, 'ಎಲ್ಲ ಸರಿಯಾಗಿದೆಯಲ್ಲವೇ?' ಎಂದು ನೂರು ಸಲ ಕೇಳುತ್ತಿದ್ದರೆ, ಬೈಯಬೇಡಿ, ಹೊಗಳಲೂ ಬೇಡಿ. ನೂರು ಸಲವೂ 'ಸರಿಯಾಗಿದೆ' ಎಂದು ಉತ್ತರಿಸುತ್ತ ಹೋದರೆ ಸಂಶಯಕ್ಕೆ ಗೊಬ್ಬರ ಹಾಕಿದಂತಾಗುತ್ತದೆ ಎಂದು ತಜ್ಞರು ಹೇಳುತ್ತಾರೆ. ತಡಮಾಡದೆ ವೈದ್ಯರ ಸಲಹೆ ಪಡೆಯಿರಿ. ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡಕ್ಕೆ ಹೋಗಬೇಕಾಗಿ ಬಂದರೂ ಹೆದರಬೇಕಾಗಿಲ್ಲ. ಅಲ್ಲಿರುವುದು ಚಿಕಿತ್ಸೆ, ಬೈಗುಳು ನಮ್ಮ ಬಾಯಲ್ಲಿರುವುದು.

ಇನ್ನೊಂದು ಮಾತು. ನಿಮ್ಮ ಮನೆಯ ಮಗು ಈ ವರ್ಷ 624 ತಂದರೆ, ಆ ಒಂದರ ಸುದ್ದಿಯನ್ನು ದಯವಿಟ್ಟು ಎತ್ತಬೇಡಿ. ಊಟಕ್ಕೆ ಬಡಿಸಿ.